ಎಡಗಡೆಯ ನೋವು

ಮಗಳು ತೀರಿಕೊಂಡ ಅಪ್ಪನ ಬಲಗೈಯನ್ನು ಬಿಸಿನೀರಿನ ಬೋಗುಣಿಯಲ್ಲಿ ಅದ್ದಿ, ಉಗುರಿನ ಸಂದಿಯಿಂದ ಎಣ್ಣೆಯ ಜಿಡ್ಡು ತೆಗೆಯುತ್ತಿದ್ದಳು. ನಲವತ್ತು ವರ್ಷ ಊರವರ ಬೆನ್ನು ತಿಕ್ಕಿದ ಕೈ. ಮೂರು ಸಲ ಸೋಪು ಹಚ್ಚಿದರೂ ವಾಸನೆ ಹೋಗಲಿಲ್ಲ.

"ಸಾಕು ಬಿಡಮ್ಮ," ಎಂದ, ಬಾಗಿಲಲ್ಲಿ ನಿಂತಿದ್ದ ಪಕ್ಕದಂಗಡಿಯ ಕ್ಷೌರಿಕ. "ಆ ವಾಸನೆ ಇಲ್ದಿದ್ರೆ ನಿಮ್ಮಪ್ಪನ ಗುರುತೇ ಸಿಗಲ್ಲ."

ಅಳುತ್ತಲೇ ಅವಳಿಗೆ ನಗು ಬಂತು.

ಹೊರಗಿನ ಕೋಣೆಯಲ್ಲಿ ಮೂಟೆ ಹೊರುವವರು, ಬಣ್ಣ ಬಳಿಯುವವರು, ದಿನವಿಡೀ ಕೈಯೆತ್ತಿ ಬೋರ್ಡಿನ ಮೇಲೆ ಬರೆಯುವ ಮೇಷ್ಟ್ರು ಎಲ್ಲರೂ ಸೇರಿದ್ದರು. ಹೆಗಲ ಹಿಂದಿನ ಅಗಲ ಮೂಳೆಯ ಅಂಚಿನಲ್ಲಿ ಗಂಟುಗಟ್ಟಿದ ಸ್ನಾಯುವನ್ನು ಅಪ್ಪ ಹೆಬ್ಬೆರಳಿನಿಂದ ಹುಡುಕಿ, ಅದು ತಾನಾಗಿ ಸಡಿಲವಾಗುವವರೆಗೆ ಒತ್ತಿ ಹಿಡಿಯುತ್ತಿದ್ದ. ಬಂದವರೆಲ್ಲ ಆ ಹೆಬ್ಬೆರಳನ್ನು ಬಲ್ಲವರೇ.

"ಎಡಗಡೆ ಅಂದ್ರೆ ಮಾತ್ರ ಮುಟ್ತಾ ಇರ್ಲಿಲ್ಲ ಪುಣ್ಯಾತ್ಮ," ಎಂದ ಮೂಟೆಯವರ ಮುಖಂಡ. "ಮೊದಲು ಆಸ್ಪತ್ರೆಗೆ ಹೋಗಿ ಎದೆ ತೋರಿಸ್ಕೊಂಡು ಬಾ ಅನ್ನೋನು. ಒಂದ್ಸಲ ಎಡಗಡೆ ನೋವನ್ನ ಬಲಗಡೆ ಅಂತ ಸುಳ್ಳು ಹೇಳಿದ್ದೆ. ಕೈ ಇಟ್ಟ ತಕ್ಷಣ ಕಳ್ಳತನ ಗೊತ್ತಾಗಿ, ಅಂಗಿ ಕೈಗೆ ಕೊಟ್ಟು ಓಡಿಸಿದ!"

ಎಲ್ಲರೂ ನಕ್ಕರು. ಮಗಳು ತಲೆ ತಗ್ಗಿಸಿದಳು.

*

ಹಲವು ವರ್ಷಗಳ ಹಿಂದೆ ಅವಳು ಫಿಸಿಯೋಥೆರಪಿ ಓದುತ್ತಿದ್ದಳು. ಒಂದು ಸಂಜೆ, ಕಾದು ಕುಳಿತವರ ಎದುರಿಗೇ ಅಪ್ಪನನ್ನು ತರಾಟೆಗೆ ತೆಗೆದುಕೊಂಡಿದ್ದಳು.

"ಹೆಗಲು ಹಿಂದಕ್ಕೆ ಎಳ್ಕೊಳ್ಳೋ ವ್ಯಾಯಾಮ ಹೇಳ್ಕೊಟ್ರೆ ಹೋಗೋ ನೋವಪ್ಪಾ ಇದು. ಎಲ್ಲರನ್ನೂ ಹೆದರಿಸಿ ಆಸ್ಪತ್ರೆಗೆ ಅಟ್ತೀಯಲ್ಲ! ನಿನ್ನ ಕೈ ಮೇಲೆ ನಿನಗೇ ನಂಬಿಕೆ ಇಲ್ವಾ?"

ಅಪ್ಪ ಟವೆಲ್ಲಿಗೆ ಕೈ ಒರೆಸಿಕೊಂಡ. "ಇಲ್ಲಮ್ಮ," ಎಂದ. ಅಷ್ಟೇ.

ಅದನ್ನು ಅವಳು ಇಷ್ಟು ವರ್ಷ ಪುಕ್ಕಲುತನವೆಂದೇ ತಿಳಿದಿದ್ದಳು.

*

ಮಧ್ಯಾಹ್ನದ ಹೊತ್ತಿಗೆ ಎಪ್ಪತ್ತು ದಾಟಿದ ಹೆಂಗಸೊಬ್ಬಳು ಬಂದು, ಯಾರನ್ನೂ ಕೇಳದೆ ಅಪ್ಪನ ತಲೆಯ ಬಳಿ ಕುಳಿತಳು.

"ನಾನು ಬಟ್ಟೆ ಹೊಲಿಯೋಳು. ನನ್ನ ವಿಷಯ ನಿಮ್ಮಪ್ಪ ಹೇಳಿರಲ್ಲ."

"ಇಲ್ಲ ಅಜ್ಜಿ."

"ಹೇಗೆ ಹೇಳ್ತಾರೆ?" ಅಜ್ಜಿ ದನಿ ತಗ್ಗಿಸಿದಳು. "ನನ್ನ ಯಜಮಾನ್ರು ಗಾರೆ ಕೆಲಸದೋರು. ಎಡಹೆಗಲ ಹಿಂದೆ ನೋವು ಅಂತ ಇವರ ಹತ್ರ ಬಂದ್ರು. ಇವರು ಚೆನ್ನಾಗಿ ತಿಕ್ಕಿ ಕಳಿಸಿದ್ರು. ಹಗುರಾಯ್ತು ಅಂತ ನಗ್ತಾ ಮನೆಗೆ ಬಂದೋರು, ಊಟಕ್ಕೆ ಕೂತಲ್ಲೇ ಹೋಗ್ಬಿಟ್ರು. ಹೃದಯದ ನೋವಂತೆ ಅದು. ನೀನಿನ್ನೂ ಹುಟ್ಟಿರ್ಲಿಲ್ಲ."

ಹೊದಿಕೆ ಸರಿಪಡಿಸುತ್ತಿದ್ದ ಮಗಳ ಕೈ ನಿಂತಿತು.

"ಇವರ ಮೇಲೆ ಯಾರಿಗೂ ಅನುಮಾನ ಇರ್ಲಿಲ್ಲ. ತಾವಾಗೇ ಬಾಗಿಲಿಗೆ ಬಂದು, 'ನನಗೆ ತಿಳೀಲಿಲ್ಲಮ್ಮ, ತಪ್ಪಾಯ್ತು' ಅಂದ್ರು. ಮುಖದ ಮೇಲೇ ಬಾಗಿಲು ಹಾಕ್ಬಿಟ್ಟೆ. ಎಂಟು ವರ್ಷ ಈ ಬೀದಿ ತುಳೀಲಿಲ್ಲ."

"ಆಮೇಲೆ?"

"ಮೆಷಿನ್ ಮುಂದೆ ಬಗ್ಗಿ ಬಗ್ಗಿ ನನಗೂ ಎಡಗಡೆನೇ ಹಿಡ್ಕೊಳ್ತು. ಬೇರೆ ದಾರಿ ಕಾಣದೆ ಬಂದೆ. ನನ್ನ ನೋಡಿದ್ದೇ ಅಂಗಡಿ ಬಾಗಿಲು ಎಳ್ಕೊಂಡು, ತಾವೇ ಆಸ್ಪತ್ರೆಗೆ ಕರ್ಕೊಂಡು ಹೋದ್ರು. ಎದೆಗೇನೂ ಆಗಿಲ್ಲ ಅಂತ ಡಾಕ್ಟ್ರು ಅಂದಾಗ, ಅಲ್ಲೇ ಬೆಂಚಿನ ಮೇಲೆ ಕೂತು ಮಗು ಥರ ಅತ್ರು. ಆಮೇಲೇ ನನ್ನ ಹೆಗಲಿಗೆ ಕೈ ಇಟ್ಟಿದ್ದು."

"ಪುಕ್ಕಲ ಅನ್ಕೊಂಡಿದ್ದೆ ಅಜ್ಜಿ. ನಾಲ್ಕು ಜನರ ಎದುರಿಗೇ ಅಂದೂಬಿಟ್ಟಿದ್ದೆ."

"ಹೆದರಿದ್ರು ಕಣಮ್ಮ, ನಿಜ. ಹೆದರಿದ್ದಕ್ಕೇ ನಾನು ಮತ್ತೆ ಮತ್ತೆ ಬಂದಿದ್ದು."

"ಇವತ್ತು ಒಬ್ರೇ ಬಂದ್ರಾ?"

"ಮಗ ಕರ್ಕೊಂಡು ಬಂದ. ಗೇಟಿನ ಹೊರಗಿದಾನೆ. ಅವರಪ್ಪ ಹೋದಾಗ ಆರು ವರ್ಷ ಅವನಿಗೆ. ಇವರ ಸುದ್ದಿ ಎತ್ತಿದ್ರೆ ಇವತ್ತಿಗೂ ಎದ್ದು ಹೋಗ್ತಾನೆ."

*

ಓಣಿ ಇಕ್ಕಟ್ಟು. ವ್ಯಾನು ಬೀದಿಯ ತುದಿಯಲ್ಲೇ ನಿಂತಿತ್ತು. ಅಲ್ಲಿಯವರೆಗೆ ಅಪ್ಪನ ಶವಪೆಟ್ಟಿಗೆಯನ್ನು ಹೊರಬೇಕು. ಮೂಟೆಯವರು ಮೂವರು ಹೆಗಲು ಕೊಟ್ಟರು. ನಾಲ್ಕನೆಯ ಮೂಲೆಗೆ ಕ್ಷೌರಿಕ ನುಗ್ಗಿದ. ಗಿಡ್ಡ ಆಳು, ಪೆಟ್ಟಿಗೆ ಅವನ ಕಡೆಗೆ ವಾಲಿತು. "ತಡೀರಿ, ತಡೀರಿ," ಎಂದು ಮುಖಂಡ ಕೂಗಿದ.

ಗೇಟಿನಾಚೆಯಿಂದ ಒಬ್ಬ ಬಂದ. ಕಿವಿಯ ಮೇಲೆ ನರೆತ ಕೂದಲು, ಡ್ರೈವರನ ಖಾಕಿ ಅಂಗಿ. ಯಾರ ಮುಖವನ್ನೂ ನೋಡದೆ ಕ್ಷೌರಿಕನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಮಂಡಿ ಬಗ್ಗಿಸಿ ಪೆಟ್ಟಿಗೆಯ ಕೆಳಗೆ ತನ್ನ ಹೆಗಲಿಟ್ಟ. ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಪೆಟ್ಟಿಗೆ ಸಮನಾಯಿತು. ಮೊದಲೆರಡು ಹೆಜ್ಜೆ ಅವನದು ತಪ್ಪಿತು. ಮೂರನೆಯದಕ್ಕೆ ಉಳಿದ ಮೂವರೂ ತುಸು ನಿಧಾನಿಸಿದರು. ಅಲ್ಲಿಂದ ನಾಲ್ವರೂ ಒಂದೇ ಹೆಜ್ಜೆಯಲ್ಲಿ ಓಣಿಯ ತಿರುವು ದಾಟಿದರು.