ಮೊದಲ ಸಿವುಡಿನ ಆಣೆ

ಬುತ್ತಿ ಗಂಟು ಬಿಚ್ಚುವ ಮೊದಲು ಫೋನಿನ ಮಾತು ಕೇಳಬೇಕು ಎಂದು ಅಯ್ಯಮ್ಮ ಹಟ ಹಿಡಿದಳು. ಬೆಳಗಿನಿಂದ ಬಗ್ಗಿದ ನಡ ಎತ್ತದೆ ಭತ್ತದ ಸಸಿ ಹಚ್ಚಿ, ಕಾಲುವೆಯಲ್ಲಿ ಕೆಸರು ತೊಳೆದುಕೊಂಡು ಬಂದ ಹೆಂಗಸರಿಗೆ ಹೊಟ್ಟೆ ಚುರುಗುಟ್ಟುತ್ತಿತ್ತು. ಆದರೆ ದೇವಾಪುರದ ಆ ಗುಂಪಿಗೆ ಅಯ್ಯಮ್ಮನೇ ಮುಂದಾಳು. ನಾಳೆ ಯಾರ ಗದ್ದೆ, ಸಾಲಿನ ಮುಂದೆ ಯಾರು, ಕೂಸಿಗೆ ಹಾಲು ಕುಡಿಸಲು ಯಾರು ಯಾವಾಗ ಮೇಲೇಳಬೇಕು, ಎಲ್ಲ ಅವಳೇ ಹೇಳುವುದು. ಅವಳಿಗೆ ಎದುರಾಡಿದವರು ಮರುದಿನ ಗದ್ದೆಯ ಜವುಳು ಮೂಲೆಯಲ್ಲಿ ಮೊಣಕಾಲು ಮಟ ಹೂತುಕೊಂಡು ಸಸಿ ಹಚ್ಚಬೇಕಾಗುತ್ತಿತ್ತು.

ಹಿರಿ ಮಗಳು ಗೊಲ್ಲಾಳಮ್ಮ ಫೋನಿನ ಗುಂಡಿ ಒತ್ತಿ ಅದನ್ನು ಖಾಲಿ ಬೋಗುಣಿಯೊಳಗೆ ಇಟ್ಟಳು. ಬೋಗುಣಿಯಲ್ಲಿಟ್ಟರೆ ದನಿ ದೊಡ್ಡದಾಗುತ್ತದೆ. ಒಡ್ಡಿನ ಮೇಲೆ ಕೂತ ಎಲ್ಲರಿಗೂ ಅಯ್ಯಮ್ಮನ ಕಿರಿ ಮಗಳು ಮೌನಮ್ಮನ ದನಿ ಕೇಳಿಸಿತು, ಸ್ಕಾಟ್‌ಲೆಂಡಿನಿಂದ.

"ಅವ್ವಗೋಳ್ರ್ಯಾ, ಅಕ್ಕಗೋಳ್ರ್ಯಾ, ನಾ ಮೌನಮ್ಮ ಮಾತಾಡಾಕತ್ತೀನಿ. ಬಿಳಿ ಹೋದ್ರ, ನಡ ನೋವಾದ್ರ, ಮುಟ್ಟು ಜಾಸ್ತಿ ಆದ್ರ ಚೀಲ ತೆಗಸೂದು ಮದ್ದಲ್ಲ. ಕ್ಯಾನ್ಸರ್ ಆಕ್ಕೈತಿ ಅಂತ ಅಂಜಿಸಿದ್ರ ಅಂಜಬ್ಯಾಡ್ರಿ. ಒಲ್ಲೆ ಅನ್ರಿ. ಚೀಲ ನಿಮ್ಮದು."

ಅಷ್ಟೇ. ಈ ಕಡೆ ಗರ್ಭಕೋಶಕ್ಕೆ ಚೀಲ ಎಂದೇ ಹೆಸರು. ಕಾಲುವೆಯ ನೀರು ಬಂದು ಜೋಳದ ಹೊಲಗಳೆಲ್ಲ ಗದ್ದೆಯಾದ ಮೇಲೆ, ದಿನವಿಡೀ ನೀರಲ್ಲಿ ನಿಲ್ಲುವ ಹೆಂಗಸರು ಬಿಳಿ ಸೆರಗು ಹೋಗುತ್ತದೆ, ನಡ ಸೋಲುತ್ತದೆ ಎಂದು ಪೇಟೆಯ ಖಾಸಗಿ ದವಾಖಾನೆಗಳಿಗೆ ಹೋಗುವುದು, ಅಲ್ಲಿ ಹಲ್ಲು ಕೀಳಿಸಿಕೊಂಡಷ್ಟು ಸಲೀಸಾಗಿ ಚೀಲ ತೆಗೆಸಿಕೊಂಡು ಬರುವುದು ಮಾಮೂಲಾಗಿಬಿಟ್ಟಿತ್ತು. ಗೊಲ್ಲಾಳಮ್ಮ ಇಪ್ಪತ್ತು ದಾಟುತ್ತಲೇ ತೆಗೆಸಿಕೊಂಡವಳು. ಕೈ ಹಿಡಿದು ಕರೆದುಕೊಂಡು ಹೋದವಳು ಅಯ್ಯಮ್ಮನೇ. ಡಾಕ್ಟರು ಹೇಳಿದರು, ಇವಳು ಹೂಂ ಅಂದಳು. ಆಮೇಲೆ ಮಗಳಿಗೆ ಮೈ ಉರಿ, ನಿದ್ದೆ ಇಲ್ಲ, ಮೂವತ್ತಕ್ಕೇ ಅವ್ವನ ತಂಗಿಯಂತೆ ಕಾಣತೊಡಗಿದಳು. ಆ ಹೂಂ ಅಯ್ಯಮ್ಮನನ್ನು ಒಳಗೊಳಗೇ ತಿನ್ನುತ್ತಿತ್ತು, ಯಾರ ಮುಂದೂ ಬಾಯಿ ಬಿಟ್ಟು ಹೇಳಿರಲಿಲ್ಲ ಅಷ್ಟೇ.

ಆ ಗುಂಪಿನಲ್ಲೊಂದು ಪದ್ಧತಿ ಇತ್ತು. ಹಂಗಾಮಿನ ಮೊದಲ ದಿನ ಕೆಸರಿಗೆ ಇಳಿಯುವ ಮುಂಚೆ ಸಸಿಯ ಮೊದಲ ಕಟ್ಟನ್ನು, ಅಂದರೆ ಸಿವುಡನ್ನು, ಒಡ್ಡಿನ ಮೇಲಿಟ್ಟು ಎಲ್ಲರೂ ಅದರ ಮೇಲೆ ಬಲಗೈ ಇಡುತ್ತಿದ್ದರು. ಹಂಗಾಮು ಮುಗಿಯುವ ತನಕ ಗುಂಪು ಒಡೆಯುವುದಿಲ್ಲ, ಬೇರೆಯವರ ಗದ್ದೆಗೆ ಕದ್ದು ಹೋಗುವುದಿಲ್ಲ ಎಂಬ ಆಣೆ ಅದು. ದೇವರ ಹೆಸರಿಲ್ಲ, ಪೂಜಾರಿ ಇಲ್ಲ. ಆದರೂ ಮುರಿದವಳನ್ನು ಮತ್ತೆ ಗುಂಪಿಗೆ ಸೇರಿಸಿದ್ದಿಲ್ಲ. ಆ ಸಿವುಡನ್ನು ನೀರಲ್ಲಿಟ್ಟು ಕಾಪಾಡಿ ಕಟ್ಟಕಡೆಯ ಗದ್ದೆಯ ಮೂಲೆಗೆ ಹಚ್ಚುತ್ತಿದ್ದರು.

ಬೆಳಿಗ್ಗೆ ಮುಟ್ಟಿಸಿದ್ದ ಸಿವುಡನ್ನು ಅಯ್ಯಮ್ಮ ಮಧ್ಯಾಹ್ನ ಮತ್ತೆ ತಂದು ನಡುವೆ ಇಟ್ಟಳು. ಒಂದೇ ದಿನ ಎರಡು ಸಲ ಮುಟ್ಟಿಸಿದ್ದು ಅದೇ ಮೊದಲು.

"ನನ್ನ ಮಗಳು ಹೇಳ್ಯಾಳ. ಈ ಗುಂಪಿನ್ಯಾಗ ಇನ್ನ ಯಾರೂ ಚೀಲ ತೆಗಸಂಗಿಲ್ಲ. ಮೊದಲ ಕೈ ನಂದು," ಎಂದಳು.

ಹಸಿದ ಹೆಂಗಸರು ಲಗುಲಗು ಕೈ ಇಟ್ಟರು. ಗೊಲ್ಲಾಳಮ್ಮನೂ ಇಟ್ಟಳು. ನಿನ್ನ ಕಡೆ ಇನ್ನೇನು ಉಳಿದೈತಿ ಎಂದು ಒಬ್ಬಳು ಚೇಷ್ಟೆ ಮಾಡಿದಳು. ಗೊಲ್ಲಾಳಮ್ಮ ನಕ್ಕಳು, ಕೈ ಮಾತ್ರ ತೆಗೆಯಲಿಲ್ಲ.

ಮೌನಮ್ಮ ಹೈಸ್ಕೂಲಿನಲ್ಲಿದ್ದಾಗ ಅಕ್ಕ ದವಾಖಾನೆಯಿಂದ ಬಂದು ಗೋಡೆಗೆ ಒರಗಿ ಕೂತದ್ದನ್ನು ನೋಡಿದ್ದಳು. ಅಲ್ಲಿಂದ ಅವಳ ಓದೆಲ್ಲ ಅದೇ ದಾರಿ ಹಿಡಿಯಿತು. ಸುರಪುರದಲ್ಲಿ ಕಾಲೇಜು, ಕಲಬುರಗಿಯಲ್ಲಿ ಎಂ.ಎಸ್.ಡಬ್ಲ್ಯೂ., ಆಮೇಲೆ ಸ್ಕಾಲರ್‌ಶಿಪ್ಪಿನ ಮೇಲೆ ವಿದೇಶದ ಒಂದು ಸಂಶೋಧನಾ ಘಟಕದಲ್ಲಿ ವರ್ಷದ ಇಂಟರ್ನ್‌ಶಿಪ್. ಲಿಂಗ, ಆರೋಗ್ಯ ಮತ್ತು ನ್ಯಾಯ ಎಂದು ಆ ಘಟಕದ ಹೆಸರು. ಹೆಸರು ಕೇಳಿ ಅಯ್ಯಮ್ಮ, ನ್ಯಾಯ ಅಂದರೆ ಕೋರ್ಟಿಂದೇನು ಎಂದು ಕೇಳಿದ್ದಳು. ಹಾಗೆಂದೇ ತಿಳಿದು ಓಣಿಯವರು ಬಹಳ ದಿನ ಅವಳನ್ನು ವಕೀಲಳು ಎನ್ನುತ್ತಿದ್ದರು.

ಘಟಕವೆಂದರೆ ಸಮುದ್ರದ ಗಾಳಿಗೆ ಕಪ್ಪಾದ ಕಲ್ಲಿನ ಕಟ್ಟಡದ ಮೇಲಿನ ಮಹಡಿ. ನಾಲ್ಕಾರು ದೇಶದ ಹುಡುಗಿಯರು, ಒಂದು ಉದ್ದನೆಯ ಮೇಜು, ಸದಾ ಕುದಿಯುವ ಚಹದ ಕೆಟಲು. ದುಡಿಯುವ ಹೆಂಗಸರ ಮೈಮೇಲೆ ವೈದ್ಯರು ಮಾಡುವ ಅನ್ಯಾಯವನ್ನು ದೇಶದೇಶಗಳಿಂದ ಕೂಡಿಸಿ ಬರೆಯುವುದು ಅಲ್ಲಿನ ಕೆಲಸ. ಬರೆದರೆ ನಮ್ಮವರು ಓದುವುದಿಲ್ಲ, ದನಿ ಕಳಿಸಿದರೆ ಕೇಳುತ್ತಾರೆ ಎಂದವಳು ಮೌನಮ್ಮ. ಘಟಕದ ಮುಖ್ಯಸ್ಥೆ, ಬಿಳಿಗೂದಲಿನ ಪ್ರೊಫೆಸರಮ್ಮ, ಖುಷಿಯಿಂದ ಒಪ್ಪಿದರು. ಹೇಳುವ ಮಾತನ್ನು ಅಲ್ಲಿಯ ಡಾಕ್ಟರ ಜೊತೆ ಕೂತು ತಿದ್ದಿದ್ದೂ ಆಯಿತು.

ಆ ಮಾತಿಗೆ ಎರಡು ಭಾಗವಿತ್ತು. ಒಲ್ಲೆ ಅನ್ನಿರಿ ಎಂಬುದು ಮೊದಲನೆಯದು. ಎರಡನೆಯದು, ಮುಟ್ಟು ನಿಂತು ವರ್ಷವಾದ ಮೇಲೆ ಮತ್ತೆ ರಕ್ತ ಕಂಡರೆ ತಡ ಮಾಡದೆ ದೊಡ್ಡ ದವಾಖಾನೆಗೆ ಹೋಗಿರಿ, ಆಗ ಚೀಲ ತೆಗೆಸುವುದೇ ಜೀವ ಉಳಿಸಬಹುದು ಎಂಬುದು. ಪೂರ್ತಿ ಮಾತನ್ನು ಅವಳು ಮೊದಲು ಅವ್ವನಿಗೇ ಕಳಿಸಿದಳು. ಅಯ್ಯಮ್ಮ ಅರ್ಧಕ್ಕೇ ನಿಲ್ಲಿಸಿ ಫೋನು ಹಚ್ಚಿದಳು.

"ಉದ್ದ ಆತವ್ವ. ರೊಟ್ಟಿ ಬಿಟ್ಟು ಯಾರ ಕುಂಡ್ರತಾರ? ಒಂದ ಮಾತು ಹೇಳು, ಗಟ್ಟಿ ಹೇಳು."

ಮೌನಮ್ಮ ಎರಡನೆಯ ಭಾಗ ಕತ್ತರಿಸಿ, ಅದನ್ನು ಬೇರೆಯಾಗಿ ಮುಂದಿನ ವಾರ ಕಳಿಸಿದರಾಯಿತು ಎಂದುಕೊಂಡಳು. ಯಾವಾಗ ಹೋಗಬೇಕು ಎಂಬುದನ್ನೂ ಹೇಳಿದೆಯಾ ಎಂದು ಪ್ರೊಫೆಸರಮ್ಮ ಕೇಳಿದಾಗಲೂ ಮುಂದಿನ ವಾರ ಎಂದಳು. ಅಷ್ಟರಲ್ಲಿ ಸಿವುಡು ಮುಟ್ಟಿದ ಸುದ್ದಿ ಬಂತು, ಫೋಟೋನೂ ಬಂತು. ಒಡ್ಡಿನ ಮೇಲೆ ಹಸಿರು ಸಿವುಡು, ಅದರ ಮೇಲೆ ಕೆಸರು ಬಳೆಯ ಕೈಗಳು. ಸಭೆಯಲ್ಲಿ ಅದನ್ನು ದೊಡ್ಡ ಪರದೆಯ ಮೇಲೆ ತೋರಿಸಿದಾಗ ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. ಮೌನಮ್ಮನಿಗೆ ಕಣ್ಣು ತುಂಬಿ ಬಂತು. ಆಮೇಲೆ ವರದಿ, ವರದಿಯ ಮೇಲೆ ಮತ್ತೊಂದು ಸಭೆ, ಬೇರೆ ಊರುಗಳಿಗೆ ಕರೆ. ಎರಡನೆಯ ಭಾಗ ಫೋನಿನಲ್ಲೇ ಉಳಿಯಿತು. ಮರೆತಳು. ಸುಮ್ಮನೆ ಏನೇನೋ ನೆಪ ಹೇಳುವುದರಲ್ಲಿ ಅರ್ಥವಿಲ್ಲ, ಮರೆತಳು.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಗೊಲ್ಲಾಳಮ್ಮ ಫೋನು ಮಾಡಿದಳು. ಕಿಟಕಿಯಾಚೆ ಹಿಮ ಬೀಳುತ್ತಿತ್ತು. ಅಕ್ಕ ಸುತ್ತಿ ಬಳಸಿ ಮಾತಾಡಿದಳು, ಎಮ್ಮೆ ಈದದ್ದು ಹೇಳಿದಳು, ಆಮೇಲೆ ಅವ್ವನಿಗೆ ಮುಟ್ಟು ಮತ್ತೆ ಶುರುವಾಗಿದೆ ಎಂದಳು. ದಸರೆಗಿಂತ ಮುಂಚಿನಿಂದಲೇ ಆಗುತ್ತಿದೆಯಂತೆ, ಯಾರಿಗೂ ಹೇಳಿಲ್ಲ. ಶಹಾಪುರದಲ್ಲಿ ಸರಕಾರಿ ತಪಾಸಣೆಯ ಕ್ಯಾಂಪು ನಡೆದಾಗ ಬಲವಂತ ಮಾಡಿ ಕರೆದೊಯ್ದರೆ, ಅಲ್ಲಿನ ಡಾಕ್ಟರಮ್ಮ ಕಲಬುರಗಿಗೆ ಹೋಗು, ಚೀಲ ತೆಗೆಯಬೇಕಾದೀತು ಎಂದಿದ್ದಾರೆ.

"ಅವ್ವ ಏನಂದಳು?"

"ಒಲ್ಲೆ ಅಂದ್ಳು. ಅಂಜಬ್ಯಾಡ್ರಿ ಅಂತ ನನ್ನ ಮಗಳು ಹೇಳ್ಯಾಳ, ನಾ ಸಿವುಡು ಮುಟ್ಟೀನಿ ಅಂದು ಎದ್ದು ಬಂದ್ಳು. ದಾರಿ ತುಂಬ ಎಲ್ಲಾರಿಗೂ ಅದನ್ನ ಹೇಳಿಕೋತ ಬಂದ್ಳು."

ಮೌನಮ್ಮ ಅವತ್ತೇ ಊರಿಗೆ ಟಿಕೆಟ್ಟು ತೆಗೆಸಿದಳು. ಇದು ನಿನ್ನೊಬ್ಬಳ ತಪ್ಪಲ್ಲ ಎಂದು ಪ್ರೊಫೆಸರಮ್ಮ ಬೀಳ್ಕೊಡುವಾಗ ಕೈ ಹಿಡಿದು ಹೇಳಿದರು. ಒಳ್ಳೆಯ ಹೆಂಗಸು, ಹೇಳುವುದು ಅವರ ಧರ್ಮ. ವಿಮಾನದಲ್ಲಿ ಕೂತವಳಿಗೆ ಅದರಿಂದ ಏನೂ ಆಗಲಿಲ್ಲ.

ಬರೀ ತೋರಿಸಿಕೊಂಡು ಬರೋಣ ಎಂದು ಅವ್ವನನ್ನು ಒಪ್ಪಿಸಿ ಕರೆದೊಯ್ದ ಮೇಲೆ ಕಲಬುರಗಿಯ ದೊಡ್ಡ ದವಾಖಾನೆಯಲ್ಲಿ ಎಲ್ಲ ತಪಾಸಣೆಯೂ ಆಯಿತು. ದಸರೆಯ ಹೊತ್ತಿಗೆ ಬಂದಿದ್ದರೆ ತೆಗೆದುಬಿಡಬಹುದಿತ್ತು ಎಂದು ಡಾಕ್ಟರು ಮೌನಮ್ಮನಿಗೆ ಬೇರೆ ಕೋಣೆಯಲ್ಲಿ ಹೇಳಿದರು. ಈಗ ಶ್ವಾಸಕೋಶಕ್ಕೂ ಹಬ್ಬಿದೆ, ಆಪರೇಶನ್ನಿನಿಂದ ಪ್ರಯೋಜನವಿಲ್ಲ, ನೋವು ಕಡಿಮೆ ಮಾಡೋಣ ಎಂದರು. ಅವಳು ಹೊರಗೆ ಬಂದಾಗ ಅಯ್ಯಮ್ಮ ಬೆಂಚಿನ ಮೇಲೆ ಕಾಲು ಮಡಚಿ ಕೂತು ದಾರಿ ನೋಡುತ್ತಿದ್ದಳು.

"ಚೀಲ ತೆಗೆಯಂಗಿಲ್ಲ ಅಂದ್ರಿಲ್ಲೊ?"

"ತೆಗೆಯಂಗಿಲ್ಲಂತವ್ವ."

"ನೋಡು ಮತ್ತ," ಎಂದು ಅಯ್ಯಮ್ಮ ಪಕ್ಕದಲ್ಲಿ ಕೂತವಳ ಕಡೆ ತಿರುಗಿದಳು. "ದೊಡ್ಡ ಡಾಕ್ಟ್ರೂ ನನ್ನ ಮಗಳು ಹೇಳಿದ್ದ ಹೇಳಿದ್ರು."

ಅವಳ ಮುಖದಲ್ಲಿ ಅಂಥ ಹೆಮ್ಮೆ ಇತ್ತು. ಮೌನಮ್ಮ ಔಷಧಿ ತರುವ ನೆಪ ಮಾಡಿ ಮೆಟ್ಟಿಲು ಇಳಿದು ಹೋಗಿ, ಗೋಡೆಯ ಕಡೆ ಮುಖ ಮಾಡಿ ಅತ್ತಳು.

ಬೇಸಿಗೆಯೆಲ್ಲ ಅವಳು ಅವ್ವನ ಹಾಸಿಗೆಯ ಪಕ್ಕದಲ್ಲೇ ಇದ್ದಳು. ಹೇಳಿಬಿಡಬೇಕು ಎಂದು ದಿನಾ ಅಂದುಕೊಳ್ಳುತ್ತಿದ್ದಳು, ದಿನಾ ಹೇಳುತ್ತಿರಲಿಲ್ಲ. ಅಯ್ಯಮ್ಮನಿಗೆ ಮಧ್ಯಾಹ್ನವಾದರೆ ಫೋನಿನ ಮಾತು ಕೇಳಬೇಕು. ಮಗಳು ಎದುರಿಗೇ ಕೂತಿದ್ದರೂ ಬೋಗುಣಿಯೊಳಗಿನ ದನಿಯೇ ಬೇಕು. ಅದು ಹೇಳುತ್ತಾ ಹೋದಂತೆ ಅವಳ ತುಟಿಯೂ ಆಡುತ್ತಿತ್ತು. ಎಷ್ಟು ಚಲೋ ಹೇಳೀದಿ, ಗಿಡ್ಡಕ ಹೇಳಿದ್ದಕ್ಕ ಎಲ್ಲಾರಿಗೂ ನೆಪ್ಪುಳೀತು ಎನ್ನುತ್ತಿದ್ದಳು.

ಆಷಾಢದಲ್ಲಿ ಕಾಲುವೆಗೆ ನೀರು ಬಿಟ್ಟರು. ಸಿವುಡು ಮುಟ್ಟುವ ದಿನ ಗೊತ್ತಾಯಿತು. ಎದ್ದು ಕೂರಲೂ ತ್ರಾಣವಿಲ್ಲದ ಅಯ್ಯಮ್ಮ, ನನ್ನನ್ನು ಹೊತ್ತುಕೊಂಡಾದರೂ ಒಯ್ಯಿರಿ, ಮೊದಲ ಕೈ ನನ್ನದೇ ಆಗಬೇಕು ಎಂದಳು. ಅದರ ಹಿಂದಿನ ದಿನ ಮೌನಮ್ಮ ಕಾಲುವೆಯಲ್ಲಿ ಬಟ್ಟೆ ಒಗೆಯುತ್ತಿರುವಾಗ ಗುಂಪಿನ ಬಸ್ಸಮ್ಮ ಬಂದು ಪಕ್ಕದಲ್ಲಿ ಕೂತಳು. ಒಗೆಯಲು ಏನೂ ತಂದಿರಲಿಲ್ಲ. ಹಿಂದೆಮುಂದೆ ನೋಡಿ, ಮುಟ್ಟು ನಿಂತು ಎಷ್ಟೋ ವರ್ಷವಾದ ತನಗೂ ಯುಗಾದಿಯಿಂದ ರಕ್ತ ಕಾಣುತ್ತಿದೆ ಎಂದಳು. ಇವತ್ತೇ ಕಲಬುರಗಿಗೆ ನಡೆ ಎಂದು ಮೌನಮ್ಮ ಅವಳ ಕೈ ಹಿಡಿದಳು.

"ನಿಮ್ಮವ್ವ ಅಷ್ಟು ನೋವು ತಿಂದು ಆಣೆ ಉಳಿಸ್ಯಾಳ. ನಾ ಹ್ಯಾಂಗ ಮುರೀಲವ್ವ? ಅಕಿ ಬಿಡು ಅಂದ್ರ ಬಿಡತೀನಿ," ಎಂದು ಬಸ್ಸಮ್ಮ ಕೈ ಬಿಡಿಸಿಕೊಂಡಳು.

ಮನೆಯ ಹಿಂದೆ ನಿಂತು ಅಕ್ಕ ತಂಗಿ ಮಾತಾಡಿಕೊಂಡರು. ಈಗ ಹೇಳಬೇಡ, ಅವ್ವ ಹೋದ ಮೇಲೆ ಹೇಳು, ಇನ್ನೆಷ್ಟು ದಿನ ಇದ್ದಾಳು ಎಂದು ಗೊಲ್ಲಾಳಮ್ಮ ಬೇಡಿಕೊಂಡಳು. ಅವಳಿಗೆ ಉಳಿದಿರುವುದು ಆ ಹೆಮ್ಮೆಯೊಂದೇ, ಅದನ್ನೂ ಕಸಿಯಬೇಡ ಎಂದಳು. ಅದು ನಿಜವೇ. ಬಸ್ಸಮ್ಮ ಅಷ್ಟು ದಿನ ಕಾಯುವಂತಿಲ್ಲ ಎಂಬುದೂ ಅಷ್ಟೇ ನಿಜ.

ಬೆಳಿಗ್ಗೆ ಟಂಟಂ ಆಟೋದಲ್ಲಿ ಅಯ್ಯಮ್ಮನನ್ನು ಕರೆತಂದು ಜಾಲಿಗಿಡದ ನೆರಳಿಗೆ ಕೌದಿ ಹಾಸಿ ಒರಗಿಸಿದರು. ಗೊಲ್ಲಾಳಮ್ಮ ಮೊದಲ ಸಿವುಡು ತಂದು ಅವಳ ಮಗ್ಗುಲಿಗೆ ಇಟ್ಟಳು. ಬೇರುಗಳಿಂದ ನೀರು ಸೋರುತ್ತಿತ್ತು. ಅಯ್ಯಮ್ಮ ಕೈ ಇಟ್ಟಳು. ಅದರ ಮೇಲೆ ಒಂದೊಂದಾಗಿ ಕೈಗಳು ಬಂದವು. ಬಸ್ಸಮ್ಮನದು ಕಡೆಗೆ ಬಂತು.

ಫೋನು ಹಚ್ಚು ಎಂದು ಅಯ್ಯಮ್ಮ ಕಣ್ಣಲ್ಲೇ ಹೇಳಿದಳು. ಮೌನಮ್ಮ ಫೋನು ತೆಗೆಯಲಿಲ್ಲ. ಅವ್ವನ ಎದುರಿಗೆ ಮೊಣಕಾಲೂರಿ ಕೂತಳು.

"ಹೋದ ವರ್ಷ ನಾ ಅರ್ಧ ಮಾತು ಹೇಳಿದ್ನಿ. ಇನ್ನ ಅರ್ಧ ಈಗ ಹೇಳ್ತೀನಿ. ಮುಟ್ಟು ನಿಂತು ವರ್ಷ ಆದ ಮ್ಯಾಲೆ ರಕ್ತ ಕಂಡ್ರ ಒಲ್ಲೆ ಅನಬ್ಯಾಡ್ರಿ. ಅದೇ ವಾರ ದೊಡ್ಡ ದವಾಖಾನಿಗಿ ಹೋಗ್ರಿ. ಅವರು ತಪಾಸಣಿ ಮಾಡಿ ಚೀಲ ತೆಗೀಬೇಕು ಅಂದ್ರ ತೆಗಸ್ರಿ. ಲಗೂನ ಹೋದ್ರ ಜೀವ ಉಳಿತೈತಿ."

ಹಚ್ಚಿ ಮುಗಿದ ಸಾಲಿನಲ್ಲಿ ಎಲ್ಲಿ ಡೊಂಕಾಯಿತು ಎಂದು ಹುಡುಕುವವಳ ಹಾಗೆ ಅಯ್ಯಮ್ಮ ಮಗಳ ಮುಖವನ್ನು ಬಹಳ ಹೊತ್ತು ನೋಡಿದಳು.

"ಇದು ನಿನಗ ಹೋದ ವರ್ಷನೂ ಗೊತ್ತಿತ್ತೇನು?"

"ಗೊತ್ತಿತ್ತವ್ವ."

ಅಯ್ಯಮ್ಮ ಕಣ್ಣು ಮುಚ್ಚಿಕೊಂಡಳು. ಗೊಲ್ಲಾಳಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಆ ಕಡೆ ತಿರುಗಿದಳು. ಅಯ್ಯಮ್ಮ, ಯಾರಿಗೆಂದು ಹೇಳಲಾಗದ ಹಾಗೆ, ಉದ್ದ ಆತು ಅಂತ ನಾನೇ ಅಂದಿದ್ನಿ ಎಂದಳು. ಕಣ್ಣು ತೆರೆದು ಕೈಗಳನ್ನು ಒಂದೊಂದಾಗಿ ನೋಡಿದಳು. ಎಲ್ಲಕ್ಕಿಂತ ಮೇಲೆ ಕೈ ಇಟ್ಟವಳು ಅವಳ ಬಾಯನ್ನೇ ನೋಡುತ್ತಿದ್ದಳು.

"ಬಸ್ಸಮ್ಮ," ಎಂದಳು, ಸಾಲಿನ ಮುಂದೆ ನಿಂತು ಕರೆಯುತ್ತಿದ್ದ ಹಳೆಯ ದನಿಯಲ್ಲಿ. "ಕೈ ತಗಿ."

ಬಸ್ಸಮ್ಮ ಕೈ ತೆಗೆದಳು. ಟಂಟಂ ಇನ್ನೂ ಒಡ್ಡಿನ ಕೆಳಗೇ ನಿಂತಿತ್ತು. ಮೌನಮ್ಮ ಅವಳನ್ನು ಹತ್ತಿಸಿ ತಾನೂ ಹತ್ತಿದಳು. ಉಳಿದ ಹೆಂಗಸರೂ ಒಬ್ಬೊಬ್ಬರಾಗಿ ಕೈ ಎತ್ತಿ, ಸೀರೆ ಕಚ್ಚೆ ಬಿಗಿದುಕೊಂಡು ಕೆಸರಿಗೆ ಇಳಿದರು. ಮನೆಗೆ ಹೋಗೋಣ ನಡಿಯವ್ವ ಎಂದು ಗೊಲ್ಲಾಳಮ್ಮ ಬಗ್ಗಿದಳು. ಅಯ್ಯಮ್ಮ ಗದ್ದೆಯ ಕಡೆ ನೋಡುತ್ತಿದ್ದಳು. ಅವಳ ಕೈ ಸಿವುಡಿನ ಮೇಲೆಯೇ ಇತ್ತು.