ಹಂಗೇರಿಯ ಚಿತ್ರಕ್ಕೆ ನಾನು ಹೇಳಿದ ಕತೆ

ತುಪ್ಪಳದ ಕಾಲರಿನ ಕೋಟು ತೊಟ್ಟ ಒಬ್ಬ ಮುದುಕ ನಮಗೆ ಬೆನ್ನು ಹಾಕಿ ನಿಂತಿದ್ದಾನೆ. ಸುತ್ತಲೂ ಹಿಮ. ಯಾರೋ ಕರೆದಂತಾಗಿ ಮೆಲ್ಲನೆ ತಿರುಗುತ್ತಾನೆ. ಪರದೆಯ ತುಂಬ ಅವನ ಮುಖ, ನೇರ ನಮ್ಮನ್ನೇ ನೋಡುವ ಕಣ್ಣು. ಇಷ್ಟು ವರ್ಷಗಳಾದರೂ ಅದು ನನ್ನ ಕಣ್ಣಿಗೆ ಕಟ್ಟಿದಂತಿದೆ. ಆ ನಟನ ಹೆಸರು ನನಗೆ ಗೊತ್ತಿಲ್ಲ. ಚಿತ್ರದ ಮೊದಲಿಗೆ ಪಾತ್ರಧಾರಿಗಳ ಹೆಸರುಗಳೇನೋ ಬಂದವು, ಆದರೆ ಅವನ್ನು ಓದುವವರು ನಮ್ಮೂರಿನಲ್ಲಿ ಯಾರೂ ಇರಲಿಲ್ಲ. ಒಂದು ಸಂಜೆಯ ಮಟ್ಟಿಗೆ ಅವನನ್ನು ನಾನು ನಮ್ಮೂರಿನ ರೇಷನ್ ಡಿಪೋ ಧಣಿ ಗುರುಶಾಂತಪ್ಪನನ್ನಾಗಿ ಮಾಡಿದೆ.

ಯುದ್ಧದ ಕಾಲ ಅದು. ಟೆಂಟು ಸಿನಿಮಾಕ್ಕೆ ಹೊಸ ಚಿತ್ರಗಳು ಬರುವುದೇ ನಿಂತುಹೋಗಿತ್ತು. ಟೆಂಟಿನ ಮಾಲೀಕರಾದ ಹಯಾತ್ ಸಾಹೇಬರು ಸಿಕ್ಕ ಸಿಕ್ಕ ರೀಲಿನ ಡಬ್ಬಿಗಳನ್ನು ತರಿಸುತ್ತಿದ್ದರು. ಪರಭಾಷೆಯ ಚಿತ್ರವಾದರೆ ಪರದೆಯ ಪಕ್ಕದಲ್ಲಿ ನಿಂತು ಜನರಿಗೆ ಕತೆ ಹೇಳುವವರೊಬ್ಬರು ಬೇಕಾಗುತ್ತಿತ್ತು. ಹರಿಕತೆಯಲ್ಲಿ ಪಳಗಿದ ನಮ್ಮಪ್ಪ ಬಹಳ ಕಾಲ ಆ ಕೆಲಸ ಮಾಡಿದ್ದರು. ಅವರು ತೀರಿಕೊಂಡ ಮೇಲೆ ಅದು ನನಗೆ ಬಂತು. ಹೆಂಗಸು ಹೀಗೆ ಗಂಡಸರ ಮುಂದೆ ನಿಂತು ಗಂಟಲು ಹರಿದುಕೊಳ್ಳುವುದೇ ಎಂದು ಮೂಗು ಮುರಿದವರೇ ಬೇಗ ಬಂದು ಮುಂದಿನ ಸಾಲು ಹಿಡಿಯುತ್ತಿದ್ದರು.

"ಹಂಗೇರಿ ಅನ್ನೋ ದೇಶದ್ದಂತೆ ಬೇಟಿ," ಎಂದರು ಸಾಹೇಬರು. "ಅಲ್ಲಿ ಹಿಂದಿನ ಲಡಾಯಿ ನಡೀತಿದ್ದಾಗ ತೆಗೆದಿದ್ದಂತೆ. ಒಂದು ಅಕ್ಷರ ತಿಳಿಯಲ್ಲ. ನೀನೇ ಹೆಂಗಾದ್ರೂ ಮಾಡಿ ದಡ ಸೇರಿಸು."

ತಮ್ಮ ಗೋದಾಮಿನ ಬಾಗಿಲು ಮುಚ್ಚಿ, ಗೋಡೆಯ ಮೇಲೆ ನನಗೊಬ್ಬಳಿಗೇ ಚಿತ್ರ ತೋರಿಸಿದರು. ಒಂದು ಹಿಟ್ಟಿನ ಗಿರಣಿ. ತುಪ್ಪಳದ ಕೋಟಿನ ಮುದುಕ ಅದರ ಧಣಿ ಇದ್ದಂತಿತ್ತು. ಅಲ್ಲಿ ಮೂಟೆ ಹೊರುವ ಒಬ್ಬ ಸಣಕಲು ಹುಡುಗ, ಅವನಿಗೆ ಬುತ್ತಿ ತರುವ ದೊಡ್ಡ ಕಣ್ಣಿನ ಹುಡುಗಿ. ಒಂದು ದಿನ ಸಿಪಾಯಿಗಳು ಬಂದು ಹುಡುಗನನ್ನು ಎಳೆದೊಯ್ದರು. ಹುಡುಗಿ ಹಿಮದಲ್ಲಿ ಬಿದ್ದು ಎದ್ದು ಗಾಡಿಯ ಹಿಂದೆ ಓಡಿದಳು. ಅಲ್ಲಿಗೆ ನಿಂತಿತು. ಕೊನೆಯ ರೀಲಿನ ಡಬ್ಬಿ ಮರುದಿನದ ಬಸ್ಸಿಗೆ ಬರಬೇಕಿತ್ತು.

ಆ ಹುಡುಗ ಬೆನ್ನು ಬಗ್ಗಿಸಿ ಮೂಟೆ ಹೊತ್ತು ನಡೆದದ್ದನ್ನು ಕಂಡಾಗಲೇ ನಾನು ಎದ್ದು ಗೋಡೆಯ ಹತ್ತಿರಕ್ಕೆ ಹೋಗಿದ್ದೆ. ನನ್ನ ತಮ್ಮ ತಿರುಮಲನೂ ಹಾಗೆಯೇ ನಡೆಯುತ್ತಿದ್ದ.

ತಿರುಮಲ ಗುರುಶಾಂತಪ್ಪನ ರೇಷನ್ ಡಿಪೋದಲ್ಲಿ ಮೂಟೆ ಹೊರುತ್ತಿದ್ದ. ಊರಿನವರು ಪಾವು ಅಕ್ಕಿಗಾಗಿ ಬಿಸಿಲಿನಲ್ಲಿ ನಿಂತಿರುವಾಗ ಧಣಿ ಮೂಟೆಗಳನ್ನು ತನ್ನದೇ ಗಾಡಿಗೆ ಹೇರಿಸಿ ಮಾವಿನ ತೋಪಿನ ಕೊಟ್ಟಿಗೆಗೆ ಸಾಗಿಸುತ್ತಿದ್ದ; ಅಲ್ಲಿಂದ ಅವು ಪರ ಊರಿಗೆ ಹೋಗುತ್ತಿದ್ದವು. ಹೇರಿದವನು ತಿರುಮಲ. ಹೇಳಿದ್ದನ್ನು ಮಾಡುವುದಷ್ಟೇ ಅವನಿಗೆ ಗೊತ್ತಿತ್ತು. ತನಿಖೆಗೆ ಅಧಿಕಾರಿ ಬಂದ ದಿನ ಗುರುಶಾಂತಪ್ಪ ಕಣ್ಣು ಮಿಟುಕಿಸದೆ ತಿರುಮಲನತ್ತ ಬೆರಳು ಮಾಡಿದ. ಪೊಲೀಸರು ಬರುವವರೆಗೆ ಅವನನ್ನು ಡಿಪೋದ ಕಂಬಕ್ಕೆ ಕಟ್ಟಿಸಿದ. ಹಸಿದ ಜನ ಸಾಲಾಗಿ ಬಂದು ನನ್ನ ತಮ್ಮನ ಮುಖಕ್ಕೆ ಉಗಿದು ಹೋದರು. ಜೈಲಿನಿಂದ ಬಂದ ಮೇಲೆ ಅವನು ತಲೆ ಎತ್ತಿ ಯಾರ ಮುಖವನ್ನೂ ನೋಡಲಿಲ್ಲ. ಕೆಲಸ ಕೊಡುವವರಿರಲಿಲ್ಲ. ನಮ್ಮವ್ವ ನೀರಿಗೆ ಹೋದರೆ "ಅಕ್ಕಿ ಕಳ್ಳನ ತಾಯಿ" ಎಂದು ಹೆಂಗಸರು ಕೊಡ ಸರಿಸಿಕೊಳ್ಳುತ್ತಿದ್ದರು. ನಾನು ಸತ್ಯ ಹೇಳಹೋದ ಕಡೆಯೆಲ್ಲ, ತಮ್ಮನ ಪರ ಅಕ್ಕ ಇನ್ನೇನು ಹೇಳುತ್ತಾಳೆ ಎಂದು ನಕ್ಕರು.

ಸರಿ, ಇನ್ನು ಸಿನಿಮಾದ ಕತೆಯೆಂದೇ ಕೇಳಲಿ ಎಂದುಕೊಂಡೆ.

"ನಾಳೆ ಟೆಂಟಿಗೆ ಬಾ," ಎಂದೆ ತಿರುಮಲನಿಗೆ.

"ಬ್ಯಾಡ ಕಣಕ್ಕ. ಜನ ನೋಡ್ತಾರೆ."

"ನೋಡ್ಲಿ ಅಂತ್ಲೇ ಕರೀತಿರೋದು. ಹಿಂದ್ಗಡೆ ಮರಳ ಮೇಲೆ ಕೂತ್ಕೋ. ನನ್ ಮಾತು ಮೀರಬ್ಯಾಡ."

ಟೆಂಟು ಹಾಕಿದ್ದ ಜಾಗ ಗುರುಶಾಂತಪ್ಪನದು. ಹೊಸ ಚಿತ್ರದ ಮೊದಲ ಆಟಕ್ಕೆ ಅವನು ಮುಂದೆ ಕುರ್ಚಿ ಹಾಕಿಸಿಕೊಂಡು ಕೂರಬೇಕು, ತೆಂಗಿನಕಾಯಿ ಒಡೆಯಬೇಕು, ನಾನು ಕೈಮುಗಿದು ಅಪ್ಪಣೆ ಕೇಳಬೇಕು. ಅಪ್ಪಣೆ ಸಿಕ್ಕ ಮೇಲೆ ಕತೆಯನ್ನು ನಡುವೆ ನಿಲ್ಲಿಸುವಂತಿಲ್ಲ, ಅಪ್ಪಣೆ ಕೊಟ್ಟವನು ನಡುವೆ ಏಳುವಂತಿಲ್ಲ. ಎದ್ದರೆ ಊರಿಗೆ ಕೇಡೆಂದು ಹರಿಕತೆಯ ಕಾಲದಿಂದ ಎಲ್ಲರೂ ನಂಬಿದ್ದರು. ಆ ಸಂಜೆಯೂ ಕೈಮುಗಿದೆ.

"ಅಪ್ಪಣೆಯಾ ಯಜಮಾನ್ರೇ?"

"ಹೂಂ, ಹೇಳಮ್ಮ. ಚೆನ್ನಾಗಿ ಬಿಡಿಸಿ ಹೇಳು."

ಬಿಡಿಸಿಯೇ ಹೇಳಿದೆ. ಗಿರಣಿಯನ್ನು ಬಡವರಿಗೆ ಧಾನ್ಯ ಹಂಚುವ ಕಣಜ ಮಾಡಿದೆ. ಮುದುಕ ತಿರುಗಿ ಪರದೆಯ ತುಂಬ ಮುಖವಾದಾಗ, "ಇವನೇ ಆ ಕಣಜದ ಒಡೆಯ. ಮಾತು ಸಕ್ಕರೆ, ಮನೆ ತುಂಬ ಊರಿನವರ ಅನ್ನ," ಎಂದೆ. ಗುರುಶಾಂತಪ್ಪ ತಲೆದೂಗಿದ. ಪರದೆಯ ಮೇಲೆ ಕುದುರೆಗಾಡಿ ಬಂತು. ಹುಡುಗ ಮೂಟೆ ಹೇರುತ್ತಿದ್ದ.

"ಧಣಿಯ ಸ್ವಂತ ಗಾಡಿ. ಕಟ್ಟಿದ್ದು ಮುರುಕು ಕೊಂಬಿನ ಎತ್ತು. ಮೂಟೆಗಳೆಲ್ಲ ಮಾವಿನ ತೋಪಿಗೆ ಹೊರಟವು."

"ಅದು ಕುದ್ರೆ ಕಣಮ್ಮೋ!" ಎಂದು ಮರಳ ಮೇಲೆ ಕೂತವರಲ್ಲಿ ಯಾರೋ ಕೂಗಿದರು. ಟೆಂಟೆಲ್ಲ ನಕ್ಕಿತು.

"ಆ ದೇಶದಾಗೆ ಎತ್ತು ಹಂಗೇ ಇರ್ತವೆ," ಎಂದೆ.

ಇನ್ನಷ್ಟು ನಕ್ಕರು. ಆಮೇಲೆ ನಗು ಒಂದೊಂದು ಕಡೆ ನಿಲ್ಲುತ್ತ ಬಂತು. ಮುರುಕು ಕೊಂಬಿನ ಎತ್ತು ಊರಿಗೆಲ್ಲ ಒಂದೇ ಇತ್ತು, ಅದು ಯಾರ ಕೊಟ್ಟಿಗೆಯದೆಂದು ಎಲ್ಲರಿಗೂ ಗೊತ್ತಿತ್ತು. ಗುರುಶಾಂತಪ್ಪ ಕುರ್ಚಿಯಲ್ಲಿ ಮಿಸುಕಿದ. ಏಳಲು ಅವನಿಗೆ ದಾರಿಯಿರಲಿಲ್ಲ. ನನಗೆ ಎಷ್ಟು ಖುಷಿಯಾಯಿತೆಂದರೆ, ಟೆಂಟಿನ ಕಂಬ ಹಿಡಿದುಕೊಂಡು ದನಿ ಇನ್ನಷ್ಟು ಏರಿಸಿದೆ. ಸಿಪಾಯಿಗಳು ಬಂದಾಗ ಧಣಿ ಬೆರಳು ಮಾಡಿದ್ದು, ಹುಡುಗನನ್ನು ಕಂಬಕ್ಕೆ ಕಟ್ಟಿಸಿದ್ದು, ಹಸಿದವರು ಉಗಿದದ್ದು, ಎಲ್ಲವನ್ನೂ ಹೇಳಿದೆ. ಪರದೆಯ ಮೇಲೆ ಕಂಬವೂ ಇರಲಿಲ್ಲ, ಉಗಿಯುವವರೂ ಇರಲಿಲ್ಲ. ಅವೆಲ್ಲಿ ಎಂದು ಯಾರೂ ಕೇಳಲಿಲ್ಲ. ಹೆಂಗಸರ ಕಡೆಯಿಂದ ಅಳು ಕೇಳಿಸಿತು.

ಅಷ್ಟರಲ್ಲಿ ಹಿಂದಿನಿಂದ ಹಯಾತ್ ಸಾಹೇಬರು ಲಾಂದ್ರ ಆಡಿಸಿದರು. ಬಸ್ಸು ತಡವಾಗಿ, ಕೊನೆಯ ಡಬ್ಬಿ ಆಗಷ್ಟೇ ಬಂದಿತ್ತು. ಅದರಲ್ಲಿ ಏನಿದೆಯೆಂದು ನನಗೂ ಗೊತ್ತಿರಲಿಲ್ಲ.

ಮುದುಕ ಹಿಮದಲ್ಲಿ ಒಬ್ಬನೇ ನಡೆದು ಬಂದ. ಮತ್ತೆ ತಿರುಗಿ ನಮ್ಮನ್ನು ನೋಡಿದ. ಈ ಸಲ ಕಣ್ಣು ತುಂಬಿತ್ತು. ಸೆರೆಯಿಂದ ಬಿಡುಗಡೆಯಾಗಿ ಬಂದ ಹುಡುಗ ಎದುರು ನಿಂತಿದ್ದ. ಮುದುಕ ತನ್ನ ಕೋಟು ಬಿಚ್ಚಿ ಅವನ ಹೆಗಲಿಗೆ ಹೊದಿಸಿದ. ಹುಡುಗ ಆ ಕೈಗೆ ಮುತ್ತಿಟ್ಟ.

ಈ ಮುದುಕ ಕೆಟ್ಟವನೇ ಅಲ್ಲ, ಬಹುಶಃ ಹುಡುಗನ ತಂದೆ ಎಂದು ಆಗ ನನಗೆ ಹೊಳೆಯಿತು. ಆ ನಟ ಅಷ್ಟು ಚೆನ್ನಾಗಿ ಅಳುತ್ತಿದ್ದ. ಗುರುಶಾಂತಪ್ಪ ನನ್ನತ್ತ ನೋಡಿ ಸಣ್ಣಗೆ ನಕ್ಕ. ಅದೇ ಹೊತ್ತಿಗೆ ಮುದುಕ ಹಿಮದಲ್ಲಿ ಮೊಣಕಾಲೂರಿ ಕುಸಿದ. ನನಗೆ ಅಷ್ಟೇ ಸಾಕಾಯಿತು.

"ನೋಡಿ! ಕಳ್ಳನೆನಿಸಿಕೊಂಡ ಹುಡುಗ ತನ್ನನ್ನು ಕಟ್ಟಿಸಿದ ಕೈಯನ್ನೇ ಕಣ್ಣಿಗೊತ್ತಿಕೊಂಡ. ಧಣಿಗೆ ಅದನ್ನು ತಡೆಯಲಾಗಲಿಲ್ಲ. ಊರ ಮುಂದೆ ಕಾಲಿಗೆ ಬಿದ್ದು, 'ಕದ್ದವನು ನೀನಲ್ಲ ಮಗನೇ, ನಾನು,' ಎಂದ!"

ಆ ನಟನಿಗೆ ಈ ಸುದ್ದಿ ತಿಳಿದಿದ್ದರೆ ನನ್ನ ಮೇಲೆ ಸಿಟ್ಟಾಗುತ್ತಿದ್ದನೇನೋ. ಆಗಲಿ. ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ.

ಚಿತ್ರ ಮುಗಿದರೂ ಯಾರೂ ಏಳಲಿಲ್ಲ. ಕತೆ ಹೇಳಿದವರಿಗೆ ಅಪ್ಪಣೆ ಕೊಟ್ಟವನೇ ತಾಂಬೂಲ ಕೊಡಬೇಕು. ಕೊಡದಿದ್ದರೆ ಕತೆ ತನ್ನದೇ ಎಂದು ಒಪ್ಪಿಕೊಂಡಂತಾಗುತ್ತದೆಂದು ಗುರುಶಾಂತಪ್ಪನಿಗೆ ತಿಳಿಯದೆ ಇರುತ್ತದೆಯೇ? ತಟ್ಟೆ ಹಿಡಿದು ಎದ್ದ.

"ಭಲೇ ಕಟ್ಟಿದೆ ಬಿಡಮ್ಮ ಕತೆಯ. ತಗೋ."

ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. "ನಂಗಲ್ಲ ಯಜಮಾನ್ರೇ. ಅಲ್ಲಿ ಕೂತವ್ನಲ್ಲ, ಅವ್ನಿಗೆ ಕೊಡಿ."

ತಲೆಗಳೆಲ್ಲ ಒಟ್ಟಿಗೆ ಹಿಂದಕ್ಕೆ ತಿರುಗಿದವು. ತಿರುಮಲ ಮೊಣಕಾಲು ತಬ್ಬಿಕೊಂಡು ಮರಳ ಮೇಲೆ ಕೂತಿದ್ದ.

"ಏನಮ್ಮಾ, ತಲೆಗಿಲೆ ಕೆಟ್ಟಿದ್ಯಾ?" ಎಂದ ಗುರುಶಾಂತಪ್ಪ.

ಆಗ ಅವನ ಗಾಡಿ ಹೊಡೆಯುತ್ತಿದ್ದ ಬೋರಯ್ಯ ಎದ್ದು ನಿಂತ. ಹೆಗಲ ಮೇಲಿನ ಟವಲ್ಲನ್ನು ಕೈಗೆ ತೆಗೆದುಕೊಂಡ. "ಕೊಡಿ ಸ್ವಾಮಿ," ಎಂದ. "ಆ ಗಾಡಿ ಹೊಡ್ದೋನು ನಾನು. ಹುಡುಗ ಒಂದು ಕಾಳೂ ಮುಟ್ನಿಲ್ಲ. ಬಾಯ್ ಮುಚ್ಕೊಂಡಿದ್ದು ನನ್ ತಪ್ಪು. ಕೊಡಿ."

ಮರಳ ಮೇಲೆ ಕೂತಿದ್ದವರು ಒಬ್ಬೊಬ್ಬರಾಗಿ ಕಾಲು ಮಡಚಿಕೊಂಡು ದಾರಿ ಬಿಟ್ಟರು. ಗುರುಶಾಂತಪ್ಪ ಹೊರಬಾಗಿಲ ಕಡೆ ನೋಡಿದ. ಅಲ್ಲಿ ಹಯಾತ್ ಸಾಹೇಬರು ಲಾಂದ್ರ ಹಿಡಿದು ನಿಂತಿದ್ದರು, ಸರಿಯಲಿಲ್ಲ. ಅವನು ಜನರ ನಡುವೆ ನಡೆದುಕೊಂಡು ಹೋದ. ತಿರುಮಲ ಏಳಲಿಲ್ಲ. ಕೂತವನಿಗೆ ಕೊಡಬೇಕಾದರೆ ಬಗ್ಗಬೇಕು. ಬಗ್ಗಿದ.

ನನ್ನ ತಮ್ಮ ತಲೆ ಎತ್ತಿ ಅವನ ಮುಖವನ್ನು ನೋಡಿದ. ನೋಡುತ್ತಲೇ ಇದ್ದ. ಕೈ ಚಾಚಲಿಲ್ಲ. ತಟ್ಟೆ ವಾಲಿ ಅಡಿಕೆ ಹೋಳುಗಳು ಒಂದೊಂದಾಗಿ ಮರಳಿಗೆ ಉದುರುತ್ತಿದ್ದವು. ಗುರುಶಾಂತಪ್ಪ ಬಗ್ಗಿಕೊಂಡೇ ಇದ್ದ.