ಚಂದ್ರಿಕೆಯ ಹೊಟ್ಟೆಕಿಚ್ಚು

ನಾನು ಒಂದು ಚಂದ್ರಿಕೆ. ಆಕಾಶದ್ದಲ್ಲ, ಬಿದಿರಿನದು. ಶಿಡ್ಲಘಟ್ಟದ ಮೇದರ ಚಿಕ್ಕವೆಂಕಟಮ್ಮ ಸೀಳಿದ ಬಿದಿರನ್ನು ಚಾಪೆಯ ಮೇಲೆ ಸುರುಳಿ ಸುತ್ತಿ ನನ್ನನ್ನು ಹೆತ್ತಳು. ಮೇದು, ಮೈತುಂಬಿ, ಹಣ್ಣಾದ ರೇಷ್ಮೆಹುಳಗಳು ಗೂಡು ಕಟ್ಟುವುದು ನನ್ನ ಮಡಿಲಲ್ಲೇ.

ನನ್ನನ್ನು ಕೊಂಡ ಪಿಳ್ಳಮ್ಮ ಪ್ರತಿ ಬೆಳೆ ಮುಗಿದಾಗಲೂ ಒರೆಸಿ, ಬಿಸಿಲಿಗಿಟ್ಟು, ಹುಳದ ಮನೆಯ ಗೋಡೆಗೆ ಒರಗಿಸುತ್ತಿದ್ದಳು. ಬಂದವರೆಲ್ಲ ನನ್ನನ್ನೇ ನೋಡುತ್ತಿದ್ದರು. ಆಮೇಲೆ ಅವಳ ಓರಗಿತ್ತಿ ವಾರಿಜ ಸುಳ್ಯದ ತವರಿನಿಂದ ಜೇನುಪೆಟ್ಟಿಗೆ ತಂದು ಹಿತ್ತಲಲ್ಲಿಟ್ಟಳು. ಬಂದವರೆಲ್ಲ ಜೇನಿಗೆ ಅಂಗೈ ಚಾಚಿಕೊಂಡು ಅಲ್ಲಿಗೇ ನಡೆದರು. ಪಿಳ್ಳಮ್ಮನಿಗೂ ಉರಿಯಿತು, ನನಗೂ ಉರಿಯಿತು.

ನನ್ನ ಹುಳಗಳು ಮರ್ಯಾದಸ್ಥ ಮನೆತನದವು. ಇದ್ದಲ್ಲಿಗೇ ಬಂದ ಹಿಪ್ಪುನೇರಳೆ ಸೊಪ್ಪು ತಿನ್ನುತ್ತವೆ, ಹೊಸ್ತಿಲು ದಾಟುವುದಿಲ್ಲ, ತಮ್ಮ ಮನೆ ತಾವೇ ಕಟ್ಟಿಕೊಂಡು ಒಳಗೆ ಒಂಟಿಯಾಗಿ ಕೂರುತ್ತವೆ. ಆ ಜೇನುನೊಣಗಳೋ, ಕಂಡ ಹೂವಿಗೆಲ್ಲ ಮೂತಿ ಇಡುವ ಬೀದಿ ಅಲೆಯುವವು. ಒಬ್ಬ ರಾಣಿಗೆ ಸಾವಿರಾರು ಆಳು. ಮುಟ್ಟಿದರೆ ಚುಚ್ಚುತ್ತವೆ. ಆದರೆ ಸಂಜೆಗೆ ಮನೆಗೆ ಮರಳುತ್ತವೆ. ನನ್ನವು ಗೂಡಿನೊಳಗಿದ್ದಂತೆಯೇ ನೂಲು ತೆಗೆಯುವವರ ಬಿಸಿನೀರಿಗೆ ಹೋಗುತ್ತವೆ, ಒಂದೂ ಹಿಂದಿರುಗುವುದಿಲ್ಲ. ನನ್ನ ಹೊಟ್ಟೆಕಿಚ್ಚಿನ ಬೇರು ಅಲ್ಲೇ ಇತ್ತು.

ಒಮ್ಮೆ ಹುಳಕ್ಕೆ ನಾಲ್ಕನೇ ಜ್ವರವೆಂದು ಹೇಳಿ, ಪಿಳ್ಳಮ್ಮ ಬಾಗಿಲೆಳೆದುಕೊಂಡು ತೋಟಕ್ಕೆ ಹೋದಳು. ಹುಳ ಮೇವು ಬಿಟ್ಟು, ತಲೆಯೆತ್ತಿ ಅಲುಗದೆ ಕೂತು ಪೊರೆ ಕಳಚುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಇನ್ನೊಂದು ವಾರಕ್ಕೆ ಅವು ನನ್ನ ಮೇಲೆ ಬರಬೇಕಿತ್ತು. ವಾರಿಜಳಿಗೆ ಇದೊಂದೂ ಗೊತ್ತಿಲ್ಲ. ಪಾಪವೆನಿಸಿ, ಸೊಪ್ಪಿಗೆ ಜೇನು ಸವರಿ ಹುಳದ ತಟ್ಟೆಗಳಿಗೆಲ್ಲ ಹಾಕಿದಳು. ಪಿಳ್ಳಮ್ಮ ಹಿಂದಿರುಗುವಷ್ಟರಲ್ಲಿ ಇರುವೆ ಮುತ್ತಿ ಅರ್ಧ ಹುಳ ಸತ್ತಿದ್ದವು.

"ನನ್ ಹೊಟ್ಟೆ ಉರ್ಸಕ್ಕೇ ಮಾಡ್ದೆ ಅಲ್ವಾ?" ಎಂದಳು ಪಿಳ್ಳಮ್ಮ.

"ನೀವೇ ಜ್ವರ ಅಂದದ್ದಲ್ವಾ ಅಕ್ಕ? ನಮ್ಮಲ್ಲಿ ಜ್ವರಕ್ಕೆ ಜೇನು ಕೊಡುದು," ಎಂದಳು ವಾರಿಜ.

ಪಿಳ್ಳಮ್ಮ ಪೆಟ್ಟಿಗೆಯನ್ನು ಎತ್ತಿ ಬಿಸಾಡುತ್ತಾಳೆಂದು ನಾನು ಆಸೆಯಿಂದ ಕಾದೆ. ಅವಳು ನೆಲಕ್ಕೆ ಕುಸಿದು ಅತ್ತಳು, ಅಳುತ್ತಲೇ ನಕ್ಕೂಬಿಟ್ಟಳು. ಇಬ್ಬರೂ ಕೂತು ಸಂಜೆಯವರೆಗೆ ಇರುವೆ ಹೆಕ್ಕಿದರು. ಅವಳ ಉರಿ ಅಂದೇ ಆರಿತು. ನನ್ನದು ಆರಲಿಲ್ಲ.

ಈಗ ಪ್ಲಾಸ್ಟಿಕ್ ಚಂದ್ರಿಕೆಗಳು ಬಂದಿವೆ. ಕಡ್ಡಿ ಮುರಿದ ನನ್ನನ್ನು ವಾರಿಜ ಜೇನುಪೆಟ್ಟಿಗೆಯ ಮೇಲೆ ನೆರಳಿಗೆಂದು ಹಾಕಿದ್ದಾಳೆ. ಸವತಿಯ ಮನೆಗೆ ಚಪ್ಪರವಾಗುವ ಹಣೆಬರಹ ನನ್ನದು. ಹೊಟ್ಟೆಕಿಚ್ಚು ಇನ್ನೂ ಇದೆ, ಸುಳ್ಳು ಹೇಳುವುದಿಲ್ಲ. ಆದರೂ ಸಂಜೆ ಒಂದೆರಡು ನೊಣ ಬರುವುದು ತಡವಾದರೆ, ದಾರಿ ಕಾಯುವವಳು ನಾನೇ.